ತಮ್ಮನ ಬಗ್ಗೆ ಬರೆಯಲು ಕುಳಿತಿದ್ದೇನೆ. ದುಃಖದ ಕವಿತೆಯನ್ನು ತಿದ್ದಬಹುದೇ?

ನದಿದಂಡೆ:
ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ನಾನು ಹೆಚ್ಚಾಗಿ ಓದಿ ಸುಮ್ಮನಿರುವವಳು. ಇಂದು ಕೇಳಲೇಬೇಕಾಗಿದೆ.

ಕವಿತೆ ಬರೆಯುತ್ತೇನೆ. ಪತ್ರಿಕೆಗಳಲ್ಲಿ ಬಂದಿವೆ, ಒಂದು ಸಂಕಲನವೂ ಆಗಿದೆ. ಕಳೆದ ವರ್ಷ ನನ್ನ ತಮ್ಮ ಹೃದಯಾಘಾತದಿಂದ ತೀರಿಕೊಂಡ. ನಲವತ್ತು ದಾಟಿರಲಿಲ್ಲ. ಅವನ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ಸಿದ್ಧವಾಗಿ ಕಾದಿದ್ದ ಸಾಲುಗಳೇ ಮುಂದೆ ಬರುತ್ತವೆ. ಖಾಲಿ ಕುರ್ಚಿ, ಆರಿದ ದೀಪ, ಮೌನವೇ ಮಾತಾಡುವ ಮನೆ. ಇವು ಯಾರ ತಮ್ಮನಿಗಾದರೂ ಒಪ್ಪುತ್ತವೆ, ನನ್ನ ತಮ್ಮನಿಗೆ ಮಾತ್ರ ಒಪ್ಪುವುದಿಲ್ಲ.

ಇನ್ನೊಂದು ಸಂಕಟ ಇದಕ್ಕಿಂತ ದೊಡ್ಡದು. ಒಂದು ರಾತ್ರಿ ಒಂದು ಸಾಲು ನಿಜವಾಗಿಯೂ ಚೆನ್ನಾಗಿ ಬಂತು. ಓದಿಕೊಂಡು ಸಂತೋಷವಾಯಿತು. ಆ ಸಂತೋಷ ಈಗಲೂ ನನ್ನನ್ನು ಇರಿಯುತ್ತಿದೆ. ಅವನು ಹೋದದ್ದರಿಂದ ನನಗೊಂದು ಒಳ್ಳೆಯ ಸಾಲು ಸಿಕ್ಕಿತೇ? ಮರುದಿನ ಆ ಸಾಲನ್ನು ಇನ್ನಷ್ಟು ಬಿಗಿ ಮಾಡಲು ಒಂದು ಪದ ಹೊಡೆದುಹಾಕಿದೆ. ಅಲ್ಲಿಗೆ ಪೆನ್ನು ಕೆಳಗಿಟ್ಟವಳು ಮತ್ತೆ ಮುಟ್ಟಿಲ್ಲ. ಅಳುವನ್ನು ತಿದ್ದುತ್ತಾರೆಯೇ? ನಮ್ಮ ಹಿರಿಯ ಕವಿಗಳು ಈ ಸ್ಥಿತಿಯಲ್ಲಿ ಹೇಗೆ ಬರೆದರು? ಸಮಾಧಾನದ ಮಾತು ಬೇಡ. ಬರವಣಿಗೆಯ ಬಗ್ಗೆ ಹೇಳಿ.

ಓದುವ ಮಾಸ್ತರ:
ತಂಗಿ, ಸಮಾಧಾನ ಬೇಡ ಎಂದಿದ್ದೀ, ಹೇಳುವುದಿಲ್ಲ. ಬೇಂದ್ರೆಯವರಿಂದ ಶುರು ಮಾಡುತ್ತೇನೆ.

‘ನಾದಲೀಲೆ’ 1938ರಲ್ಲಿ ಬಂದ ಸಂಕಲನ. ಅದರಲ್ಲಿರುವ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆಯನ್ನು ನೀನು ನೂರು ಸಲ ಕೇಳಿರುತ್ತೀ. ಹಾಡಿ ಹಾಡಿ ಅದು ಭಾವಗೀತೆಯ ಕಾರ್ಯಕ್ರಮದ ಸರಕಾಗಿಬಿಟ್ಟಿದೆ. ರಾಗ ಬಿಟ್ಟು ಬರೀ ಓದಿ ನೋಡು. ಅದು ಮಗುವಿನ ಸಾವಿನ ಕವಿತೆ. ಅದರಲ್ಲಿ ಮಗು ಎಷ್ಟಿದೆ? ಮಲಗಿರುವ ಕೂಸು ಮಲಗಿರಲಿ ಎಂಬ ಒಂದೇ ಮಾತು. ಮಗು ಸತ್ತಿತೆಂಬ ಮಾತು ಬಾಯಿಗೆ ಬರುವುದಿಲ್ಲ. ಉಳಿದದ್ದೆಲ್ಲ ಹೆಂಡತಿಯ ಮುಖ. ಬಣ್ಣ ಹಾರಿದ ತುಟಿ, ನಡುನಡುವೆ ಬರುವ ಹುಚ್ಚು ನಗೆ, ಒಡೆಯಲು ಬಂದು ತಡೆದು ನಿಂತ ಕಣ್ಣೀರು. ಅತ್ತರೆ ಅತ್ತುಬಿಡು, ತುಟಿ ಕಚ್ಚಿ ಬಿಕ್ಕು ತಡೆಯಬೇಡ ಎಂದು ಅವಳನ್ನು ಬೇಡಿಕೊಳ್ಳುತ್ತಾರೆ. ತಮಗೇನಾಗಿದೆ ಎಂದು ಹೆಚ್ಚು ಹೇಳುವುದಿಲ್ಲ. ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನೊಬ್ಬ ಅಲ್ಲಿದ್ದಾನೆ, ಅಷ್ಟೇ. ಅವನ ದುಃಖವನ್ನು ನಾವು ಊಹಿಸಿಕೊಳ್ಳುತ್ತೇವೆ.

ನಾನು ಹೇಳುವುದು ಇಷ್ಟು. ದುಃಖದ ಕವಿತೆ ದುಃಖವನ್ನು ವರ್ಣಿಸಲು ಹೋದಲ್ಲೆಲ್ಲ ನೀನು ಹೇಳುವ ಆ ಸಿದ್ಧ ಸಾಲುಗಳು ಬರುತ್ತವೆ, ಏಕೆಂದರೆ ದುಃಖ ಎಲ್ಲರದೂ ಒಂದೇ. ಯಾರನ್ನಾದರೂ ಕರೆದು ಮಾತಾಡಿಸಲು ಹೋದಾಗ ಬೇರೆ ಮಾತು ಬರುತ್ತದೆ, ಏಕೆಂದರೆ ಆ ಮನುಷ್ಯ ಒಬ್ಬನೇ. ನೀನು ಯಾರೊಂದಿಗೆ ಮಾತಾಡುತ್ತಿದ್ದೀ? ನಿನ್ನ ಕವಿತೆಯಲ್ಲಿ ತಮ್ಮ ‘ಅವನು’ ಆಗಿದ್ದಾನೋ ‘ನೀನು’ ಆಗಿದ್ದಾನೋ? ಅಥವಾ ತಾಯಿಯೊಂದಿಗೆ ಮಾತಾಡುತ್ತಿದ್ದೀಯೋ? ಮೊದಲು ಅದನ್ನು ನೋಡಿಕೊ.

ಮುಂಗಾರು:
ಮಾಸ್ತರರೇ, ನಿಮ್ಮ ಬೇಂದ್ರೆ ಓದು ನನಗೆ ಇಷ್ಟ. ಆದರೆ ಕೊನೆಯ ಮಾತಿಗೆ ನನ್ನ ತಕರಾರಿದೆ. ‘ಎನ್ನ ಪಾಡೆನಗಿರಲಿ, ಅದರ ಹಾಡನ್ನಷ್ಟೆ ನೀಡುವೆನು ರಸಿಕ ನಿನಗೆ’ ಎಂದು ಅದೇ ಬೇಂದ್ರೆ ಹೇಳಿದ್ದನ್ನು ತೋರಿಸಿ ತೋರಿಸಿ, ಪಾಡನ್ನು ಬಚ್ಚಿಡುವುದೇ ಕಾವ್ಯ ಎಂದು ನಮಗೆ ಪಾಠ ಮಾಡಲಾಗಿದೆ. ಹೆಂಗಸರಿಗಂತೂ ಈ ಪಾಠ ಇನ್ನೂ ಬಿಗಿಯಾಗಿ ಆಗಿದೆ. ಪಾಡನ್ನು ಪಾಡಾಗಿಯೇ ಹೇಳುವ ಹಕ್ಕು ಈ ಅಕ್ಕನಿಗೆ ಇಲ್ಲವೇ?

ನಮ್ಮ ಊರಿನ ಕಡೆ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಅಲ್ಲಿ ಯಾರೂ ಪದ ಹೊಡೆದುಹಾಕುವುದಿಲ್ಲ. ಬಾಯಿಗೆ ಬಂದದ್ದೇ ಹಾಡು. ಅಕ್ಕ, ತಿದ್ದಬೇಡಿ. ಬಂದ ಹಾಗೆ ಬರೆಯಿರಿ. ಸಿದ್ಧ ಸಾಲು ಬಂದರೂ ಬರಲಿ.

ಎರೆಹೊಲ:
ಮುಂಗಾರು ಅವರೇ, ಆ ಅಳುವಿನ ಹಾಡಿನ ಬಗ್ಗೆ ನಾನು ಸ್ವಲ್ಪ ಹೇಳಬೇಕು. ನಮ್ಮ ಅಜ್ಜಿ ಅದರಲ್ಲಿ ಹೆಸರಾದವಳು. ಸುತ್ತಲಿನ ಹಳ್ಳಿಗಳಲ್ಲಿ ಸಾವಾದರೆ ಅವಳಿಗೆ ಹೇಳಿಕಳಿಸುತ್ತಿದ್ದರು. ಬಾಯಿಗೆ ಬಂದದ್ದನ್ನೆಲ್ಲ ಅವಳು ಹಾಡುತ್ತಿರಲಿಲ್ಲ. ಧಾಟಿ ಮೊದಲೇ ಗೊತ್ತಿರುತ್ತದೆ, ಯಾವ ಮಾತಿನಿಂದ ಎತ್ತಿಕೊಳ್ಳಬೇಕು, ಉಸಿರನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಿರುತ್ತದೆ. ಸಣ್ಣ ವಯಸ್ಸಿನಿಂದ ದೊಡ್ಡವರ ಪಕ್ಕ ಕುಳಿತು ಕಲಿತದ್ದು ಅದು. ಆ ಧಾಟಿಯೊಳಗೆ ಅವಳು ಸೇರಿಸುತ್ತಿದ್ದದ್ದು ಸತ್ತವರ ಸಂಗತಿಗಳನ್ನು. ಯಾರಿಗೆ ಸೀರೆ ತರುತ್ತೇನೆಂದು ಹೇಳಿದ್ದ, ಯಾವ ಎತ್ತು ಅವನ ಕೈಯಿಂದ ಮಾತ್ರ ಮೇವು ತಿನ್ನುತ್ತಿತ್ತು, ಯಾರ ಮೇಲಿನ ಸಿಟ್ಟು ಹಾಗೆಯೇ ಉಳಿಯಿತು. ಹಾಡುವ ಮೊದಲು ಮನೆಯವರನ್ನು ಬದಿಗೆ ಕರೆದು ಕೇಳಿಕೊಳ್ಳುತ್ತಿದ್ದಳು.

ನಮ್ಮ ಭಾಗದ ಮೊಹರಂನ ರಿವಾಯತ್ ಪದಗಳನ್ನೂ ನೆನೆಸಿಕೊಳ್ಳಿ. ಹಸನ್ ಹುಸೇನರ ಕಥೆ, ಕರ್ಬಲಾದ ಬಾಯಾರಿಕೆ, ಎಲ್ಲವೂ ಕನ್ನಡದಲ್ಲಿ. ಮುಸ್ಲಿಮರೂ ಹಾಡುತ್ತಾರೆ, ಇತರರೂ ಹಾಡುತ್ತಾರೆ. ಕುಣಿಯುವವರ ಹೆಜ್ಜೆ ತಪ್ಪಿದರೆ ಮೇಳದ ಹಿರಿಯರು ಗದರುತ್ತಾರೆ. ಅಳುವ ಪದಕ್ಕೂ ತಾಲೀಮು ಇದೆ. ತಾಲೀಮು ಇದೆ ಎಂದ ಮಾತ್ರಕ್ಕೆ ಅವರ ಕಣ್ಣೀರು ಸುಳ್ಳಾಗಲಿಲ್ಲ.

ಹಳಗನ್ನಡದ ನೆಂಟ:
ಎರೆಹೊಲ ಅವರ ಮಾತಿಗೆ ಹತ್ತನೆಯ ಶತಮಾನದಿಂದ ಒಂದು ಸಾಕ್ಷಿ ಕೊಡುತ್ತೇನೆ. ರನ್ನನ ಗದಾಯುದ್ಧ. ದುರ್ಯೋಧನ ಸಂಜಯನೊಂದಿಗೆ ಭೀಷ್ಮರನ್ನು ಕಾಣಲು ರಣರಂಗದ ಹೆಣಗಳ ನಡುವೆ ನಡೆದುಹೋಗುವ ಭಾಗ. ತನ್ನ ಮಗ ಲಕ್ಷಣಕುಮಾರನ ಶವ ಕಂಡಾಗ ಅವನು ಆಡುವ ಮಾತು:

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ತಂದೆಗೆ ಮಗ ನೀರು ಬಿಡುವುದು ಸರಿಯಾದ ಕ್ರಮ. ಅದು ಕೆಟ್ಟು ನಾನು ನಿನಗೆ ಬಿಡುವಂತಾಯಿತೇ, ಮಗನೇ, ನೀನು ಕ್ರಮವನ್ನೇ ತಲೆಕೆಳಗು ಮಾಡಬಹುದೇ ಎಂದು ಕೇಳುತ್ತಾನೆ. ನೇರವಾಗಿ ಮಗನಿಗೇ ಕೇಳುತ್ತಾನೆ, ಮಾಸ್ತರರು ಹೇಳಿದ ಹಾಗೆ. ಅದರಲ್ಲಿ ಗದರಿಕೆಯೂ ಇದೆ. ಮನೆಗೆ ತಡವಾಗಿ ಬಂದ ಹುಡುಗನನ್ನು ತಂದೆ ಕೇಳುವ ದನಿ ಅದು.

ಈಗ ಮಾತ್ರೆ ಎಣಿಸಿ. 12, 20, 12, 20. ಕಂದಪದ್ಯದ ಲೆಕ್ಕ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ನಾಲ್ಕೂ ಪಾದಗಳ ಎರಡನೆಯ ಅಕ್ಷರ ನಕಾರ, ಪ್ರಾಸವೂ ಕೂಡಿದೆ. ಅಷ್ಟು ಉಮ್ಮಳದ ಮಾತನ್ನು ಬರೆಯುವಾಗ ರನ್ನ ಬೆರಳು ಮಡಚಿ ಎಣಿಸಿದ್ದಾನೆ. ಅದನ್ನು ದ್ರೋಹವೆಂದು ಸಾವಿರ ವರ್ಷಗಳಲ್ಲಿ ಯಾರೂ ಅನ್ನಲಿಲ್ಲ. ಮೇಡಂ, ಆ ಎಣಿಕೆ ಇಲ್ಲದಿದ್ದರೆ ದುರ್ಯೋಧನನ ಆ ಪ್ರಶ್ನೆ ನಿಮ್ಮವರೆಗೆ ಬರುತ್ತಲೇ ಇರಲಿಲ್ಲ.

ನೀವು ಅಕ್ಕ, ಹೋದದ್ದು ತಮ್ಮ. ಕ್ರಮವಿಪರ್ಯಯ ನಿಮ್ಮ ಮನೆಯಲ್ಲಿಯೂ ಆಗಿದೆ. ಅದಕ್ಕಾಗಿಯೇ ಈ ಪದ್ಯವನ್ನು ಆರಿಸಿದೆ.

ಗಡಿಯೂರು ಹಿಂದಿ ಮೇಷ್ಟ್ರು:
ರನ್ನನ ಪದ್ಯ ಓದಿದ ಕೂಡಲೇ ಹಿಂದಿ ಕವಿ ನಿರಾಲಾ ನೆನಪಾದರು. ಅವರ ಮಗಳು ಸರೋಜ 1935ರಲ್ಲಿ, ಹತ್ತೊಂಬತ್ತನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ತೀರಿಕೊಂಡಳು. ಹೆಂಡತಿ ಅದಕ್ಕೂ ಮೊದಲೇ, 1918ರ ಇನ್‌ಫ್ಲುಯೆಂಜಾದಲ್ಲಿ ಹೋಗಿದ್ದರು. ಅವಳಿಗಾಗಿ ಬರೆದ ‘ಸರೋಜ ಸ್ಮೃತಿ’ ಎಂಬ ಕವಿತೆ ಮೊದಲ ಸಾಲಿನಿಂದಲೇ ಮಗಳನ್ನು ‘ನೀನು’ ಎಂದು ಕರೆದು ಮಾತಾಡುತ್ತದೆ. ಕೊನೆಗೆ ತಂದೆ ತನ್ನ ಬದುಕಿನಲ್ಲಿ ಮಾಡಿದ ಕರ್ಮಗಳನ್ನೆಲ್ಲ ಅರ್ಪಿಸಿ ಮಗಳಿಗೆ ತರ್ಪಣ ಬಿಡುತ್ತಾನೆ. ಅದೇ ನೀರು, ಅದೇ ತಲೆಕೆಳಗಾದ ಕ್ರಮ.

ಆದರೆ ನಾನು ಹೇಳಬೇಕೆಂದಿರುವುದು ನಡುವಿನ ಭಾಗದ ಬಗ್ಗೆ. ಶೋಕಗೀತೆಯ ನಡುವೆ ನಿರಾಲಾ ಏನೇನು ತಂದಿದ್ದಾರೆ ನೋಡಿ. ತನ್ನ ಕವಿತೆಗಳನ್ನು ಹಿಂದಿರುಗಿಸುತ್ತಿದ್ದ ಸಂಪಾದಕರು, ಕೈಯಲ್ಲಿ ಕಾಸಿಲ್ಲದ ತಂದೆಯ ಅವಮಾನ, ಕನ್ಯಾಕುಬ್ಜ ಬ್ರಾಹ್ಮಣರ ವರದಕ್ಷಿಣೆಯ ಪದ್ಧತಿಯ ಮೇಲೆ ಕಡು ಕೋಪ. ತಾಯಿಯಿಲ್ಲದ ಮಗಳಿಗೆ ತಾಯಿ ಹೇಳಬೇಕಾದ ಬುದ್ಧಿಮಾತನ್ನು ತಾನೇ ಹೇಳಿ, ಮದುವೆಯ ರಾತ್ರಿಯ ಹೂವಿನ ಹಾಸಿಗೆಯನ್ನೂ ತಾನೇ ಸಿದ್ಧಪಡಿಸಿದ್ದನ್ನು ನಾಚಿಕೆಯಿಲ್ಲದೆ ಹೇಳುತ್ತಾರೆ. ನಾನೊಬ್ಬ ನಿರರ್ಥಕ ತಂದೆ, ನಿನಗಾಗಿ ಏನನ್ನೂ ಮಾಡಲಾಗಲಿಲ್ಲ ಎನ್ನುತ್ತಾರೆ. ಮುಂಗಾರು ಅವರು ಕೇಳಿದ ‘ಪಾಡು’ ಪೂರ್ತಿಯಾಗಿ ಅಲ್ಲಿದೆ, ಅಕ್ಕಿಯ ದರದಷ್ಟು ನಿಖರವಾಗಿದೆ. ಹಾಗಾಗಿ ಪಾಡನ್ನು ಹೇಳಬಾರದು ಎಂಬ ನಿಯಮವನ್ನು ನಾನೂ ಒಪ್ಪುವುದಿಲ್ಲ. ಸಿಟ್ಟು ಬಂದರೆ ಸಿಟ್ಟನ್ನೂ ಬರೆಯಿರಿ. ಅದನ್ನು ಸತ್ತವರಿಗೇ ಹೇಳಿ.

ಮುಂಗಾರು:
ಅಕ್ಕಿಯ ದರ ಎಂದಿರಲ್ಲ, ಅದನ್ನೇ ನಾನು ಹೇಳಬೇಕೆಂದಿದ್ದೆ, ಪದ ಸಿಕ್ಕಿರಲಿಲ್ಲ. ಎರೆಹೊಲ ಅವರ ಅಜ್ಜಿಯ ವಿಷಯ ನನಗೆ ಗೊತ್ತಿರಲಿಲ್ಲ. ಧಾಟಿ ಇತ್ತು ಎಂಬುದನ್ನು ಒಪ್ಪುತ್ತೇನೆ. ಆದರೂ ತಿದ್ದುವುದು ಮತ್ತು ಧಾಟಿಗೆ ಕೂಡಿಸುವುದು ಒಂದೇ ಅಲ್ಲ. ಅಜ್ಜಿ ಹಾಡಿದ್ದು ಒಮ್ಮೆಗೆ ಮುಗಿಯಿತು. ಕಾಗದದ ಮೇಲಿನದನ್ನು ಮತ್ತೆ ಮತ್ತೆ ಉಜ್ಜುತ್ತ ಕುಳಿತರೆ ಸತ್ತವನು ಸರಿದು ಬರೆದವಳೇ ಮುಂದೆ ಬರುತ್ತಾಳೆ. ಅಕ್ಕನ ಭಯ ಅದೇ ಎಂದು ನನಗೆ ಅನಿಸುತ್ತದೆ. ಆ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಓದುವ ಮಾಸ್ತರ:
ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷ್ ಕವಿ ಟೆನಿಸನ್‌ಗೂ ಅದೇ ಭಯವಿತ್ತು. ಅವನ ಗೆಳೆಯ ಆರ್ಥರ್ ಹ್ಯಾಲಂ 1833ರಲ್ಲಿ ವಿಯೆನ್ನಾದಲ್ಲಿ ಸತ್ತ, ಇಪ್ಪತ್ತೆರಡರ ಹುಡುಗ, ಟೆನಿಸನ್ನನ ತಂಗಿಗೆ ಗೊತ್ತಾಗಿದ್ದ ವರ. ಅವನಿಗಾಗಿ ಬರೆದ ‘ಇನ್ ಮೆಮೋರಿಯಂ’ ಎಂಬ ಕಾವ್ಯ ಪ್ರಕಟವಾದದ್ದು 1850ರಲ್ಲಿ, ಅದೂ ಕವಿಯ ಹೆಸರಿಲ್ಲದೆ. ನಡುವೆ ಹದಿನೇಳು ವರ್ಷ. ಒಂದು ಪುಸ್ತಕ ಮಾಡುತ್ತೇನೆ ಎಂದು ಬರೆದದ್ದಲ್ಲ. ಬಿಡಿ ಬಿಡಿಯಾಗಿ, ಬೇರೆ ಬೇರೆ ಊರುಗಳಲ್ಲಿ, ಒಂದೇ ಪದ್ಯರೂಪದಲ್ಲಿ ಬರೆಯುತ್ತ ಹೋದ. ಅದರ ಐದನೆಯ ಭಾಗದಲ್ಲಿ ಅವನು, ನನ್ನ ದುಃಖವನ್ನು ಮಾತಿನಲ್ಲಿ ಇಡುವುದು ಅರೆಪಾಪವೆಂದು ಕೆಲವೊಮ್ಮೆ ಅನಿಸುತ್ತದೆ ಎನ್ನುತ್ತಾನೆ. ಮುಂದುವರಿದು, ಆದರೂ ಲೆಕ್ಕವಿಟ್ಟು ಮಾತು ಕೂಡಿಸುವ ಕೆಲಸದಿಂದ ಚಡಪಡಿಸುವ ಮನಸ್ಸಿಗೆ ಒಂದು ಉಪಯೋಗವಿದೆ, ಅದು ನೋವನ್ನು ಮಂಕು ಮಾಡುತ್ತದೆ ಎಂದೂ ಒಪ್ಪಿಕೊಳ್ಳುತ್ತಾನೆ. ನಿನ್ನ ಪಾಪಭಾವವನ್ನು ಕವಿತೆಯ ಹೊರಗೆ ಇಟ್ಟು ಕಾಯಬೇಡ ತಂಗಿ. ಅದೂ ಒಳಗೆ ಬರಲಿ.

ಒಳ್ಳೆಯ ಸಾಲು ಬಂದಾಗ ಸಂತೋಷವಾದದ್ದು ತಮ್ಮ ಸತ್ತದ್ದಕ್ಕಲ್ಲ. ನೀನು ಕಸುಬುದಾರಳು. ಕೈ ತನ್ನ ಕೆಲಸವನ್ನು ಗುರುತಿಸಿತು.

ರಾತ್ರಿ ಪಾಳಿ:
ನಾನು ಸಾಹಿತ್ಯದವಳಲ್ಲ, ಆಸ್ಪತ್ರೆಯಲ್ಲಿ ನರ್ಸ್. ಈ ಚರ್ಚೆಯನ್ನು ಎರಡು ಸಲ ಓದಿದೆ. ಒಂದು ವಿಷಯ ಹೇಳಬಹುದೇ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ಐಸಿಯು ಬಾಗಿಲಲ್ಲಿ ಸುದ್ದಿ ಹೇಳಿದ ಮೇಲೆ ಜನ ಮೊದಲು ಏನು ಮಾತಾಡುತ್ತಾರೆ ಎಂಬುದನ್ನು ಬಹಳ ಸಲ ಕೇಳಿದ್ದೇನೆ. ‘ಬೆಳಿಗ್ಗೆ ಎರಡು ಇಡ್ಲಿ ತಿಂದಿದ್ದರು’ ಎನ್ನುತ್ತಾರೆ. ‘ಕನ್ನಡಕ ಮನೆಯಲ್ಲಿಯೇ ಇದೆ’ ಎನ್ನುತ್ತಾರೆ. ‘ನಾಳೆ ಪಡಿತರ ತರಬೇಕಿತ್ತು.’ ಒಬ್ಬ ಅಜ್ಜ ಹೆಂಡತಿಯ ಚಪ್ಪಲಿ ಯಾವ ಬಾಗಿಲಲ್ಲಿ ಬಿಟ್ಟಿದ್ದಾಳೆ ಎಂದು ಹುಡುಕುತ್ತಲೇ ಇದ್ದರು. ದುಃಖ, ನೋವು, ಶೂನ್ಯ ಎಂಬ ಮಾತುಗಳನ್ನು ನಾನು ಆ ಜಾಗದಲ್ಲಿ ಕೇಳಿದ ನೆನಪಿಲ್ಲ. ಅವೆಲ್ಲ ಆಮೇಲೆ, ಶ್ರದ್ಧಾಂಜಲಿಯ ಫ್ಲೆಕ್ಸ್‌ನಲ್ಲಿ ಬರುತ್ತವೆ.

ನಿಮ್ಮ ತಮ್ಮನ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಮೇಡಂ. ಅವರು ಏನು ಕೆಲಸ ಮಾಡುತ್ತಿದ್ದರು?

ನದಿದಂಡೆ:
ಈ ಪ್ರಶ್ನೆಗೆ ಉತ್ತರ ಬರೆಯಲು ನನಗೆ ಇಡೀ ಸಂಜೆ ಬೇಕಾಯಿತು.

ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ, ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಸುತ್ತಲಿನ ರೈತರ ಪಂಪ್‌ಸೆಟ್ ಮೋಟರುಗಳು ಸುಟ್ಟಾಗ ಅವನಲ್ಲಿಗೇ ಬರುತ್ತಿದ್ದವು. ವೋಲ್ಟೇಜ್ ಏರಿಳಿದ ವಾರ ಅಂಗಡಿಯ ಮುಂದೆ ಮೋಟರುಗಳ ಸಾಲು. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಗುರುತು, ಹೆಸರಲ್ಲ, ಹೊಲದ ಗುರುತು. ಕೆರೆ ಕೆಳಗಿನವರದು, ಬೇವಿನ ಮರದವರದು. ಉದ್ರಿ ಬಹಳ. ಅವನು ಹೋದ ಮೇಲೆ ಕೆಲವರು ತಾವಾಗಿ ಬಂದು ಬಾಕಿ ಕೊಟ್ಟರು. ಅರ್ಧ ಸುತ್ತಿದ ಮೋಟರುಗಳು ಇನ್ನೂ ಕೆಲವು ಅಲ್ಲಿಯೇ ಇವೆ. ವಾರ್ನಿಷ್ ವಾಸನೆ ಇದೆ. ಅಂಗಡಿಯನ್ನು ಏನು ಮಾಡಬೇಕೆಂದು ಯಾರೂ ಮಾತೆತ್ತುವುದಿಲ್ಲ.

ಮಾಸ್ತರರು ಕೇಳಿದ್ದಕ್ಕೆ ಉತ್ತರ: ಇದುವರೆಗೆ ಅವನು ‘ಅವನು’ ಆಗಿಯೇ ಇದ್ದ. ‘ನೀನು’ ಎಂದು ಬದಲಿಸಿ ಬರೆದದ್ದು ಇಷ್ಟು:

ಕೆರೆ ಕೆಳಗಿನವರ ಐದು ಹೆಚ್‌ಪಿ,
ಅರ್ಧ ಸುತ್ತಿದ ತಾಮ್ರ.
ಶುಕ್ರವಾರ ಕೊಡುತ್ತೇನೆ ಅಂದಿದ್ದೆಯಂತೆ.
ಬಾಗಿಲಲ್ಲಿ ನಿಂತವರು ಬೆಳೆ ಬಾಡುತ್ತಿದೆ ಅನ್ನಲಾರದೆ
‘ಬರುತ್ತೇನೆ ಅಕ್ಕಾ’ ಎಂದು ಹೋದರು.
ಹೇಳು, ಇನ್ನೆಷ್ಟು ಸುತ್ತು ಉಳಿದಿತ್ತು?

ಎರೆಹೊಲ:
ಅಕ್ಕಾ, ಇದು ನಿಮ್ಮ ತಮ್ಮನೇ. ಬೇರೆ ಯಾರ ತಮ್ಮನೂ ಅಲ್ಲ.

ಓದುವ ಮಾಸ್ತರ:
ಐದು ಸಾಲು ನನಗೆ ಬಹಳ ಹಿಡಿಸಿದವು. ಆರನೆಯದರ ಬಗ್ಗೆ ಅನುಮಾನವಿದೆ. ‘ಇನ್ನೆಷ್ಟು ಸುತ್ತು ಉಳಿದಿತ್ತು’ ಎಂಬಲ್ಲಿ ತಾಮ್ರದ ಸುತ್ತು, ಆಯುಸ್ಸಿನ ಸುತ್ತು ಎಂದು ಎರಡು ಅರ್ಥ ಕೈಗೆ ಸಿಗುತ್ತವೆ. ಆ ಎರಡನೆಯ ಅರ್ಥ ಓದುಗನಿಗೆ ತಲುಪಲಿ ಎಂಬ ಆಸೆ ಸಾಲಿನಲ್ಲಿ ಕಾಣುತ್ತದೆ. ಐದು ಸಾಲುಗಳಲ್ಲಿ ಇಲ್ಲದ ಕವಿ ಆರನೆಯದರಲ್ಲಿ ಬಂದು ನಿಂತ ಹಾಗಾಗಿದೆ. ಮುಂಗಾರು ಹೇಳಿದ ಅಪಾಯ ಇದೇ ಇರಬೇಕು.

ಹಳಗನ್ನಡದ ನೆಂಟ:
ನಾನು ಒಪ್ಪುವುದಿಲ್ಲ ಸರ್. ದುರ್ಯೋಧನನೂ ಪ್ರಶ್ನೆಯಲ್ಲಿಯೇ ನಿಲ್ಲಿಸುತ್ತಾನೆ. ಉತ್ತರ ಬಾರದ ಪ್ರಶ್ನೆಯನ್ನು ಸತ್ತವರಿಗೆ ಕೇಳುವುದು ನಮ್ಮ ಕಾವ್ಯದ ಹಳೆಯ ದಾರಿ.

ಮುಂಗಾರು:
ನನಗೂ ಆ ಸಾಲು ಬೇಕು. ಆದರೆ ನೆಂಟರು ಹೇಳುವ ಕಾರಣಕ್ಕಲ್ಲ. ಇದು ಮೋಟರಿನ ಬಗ್ಗೆ ನಿಜವಾಗಿಯೂ ಕೇಳಬೇಕಾದ ಪ್ರಶ್ನೆ ಹೌದೋ ಅಲ್ಲವೋ ಎಂಬುದು ಗೊತ್ತಾದರೆ ಜಗಳ ಮುಗಿಯುತ್ತದೆ. ಮೋಟರ್ ಸುತ್ತುವವರು ಸುತ್ತುಗಳನ್ನು ಎಣಿಸುತ್ತಾರೆಯೇ?

ಕಾಯಿಲ್:
ಎಣಿಸುತ್ತಾರೆ. ನಾನು ಇದೇ ಕೆಲಸ ಮಾಡುವವನು, ಕವಿತೆ ಓದುವ ರೂಢಿ ಇದೆ. ಮೋಟರ್ ಬಿಚ್ಚುವಾಗಲೇ ಸುಟ್ಟ ಹಳೆಯ ಕಾಯಿಲ್ ತೆಗೆದು ಲೆಕ್ಕ ಬರೆದುಕೊಳ್ಳುತ್ತೇವೆ. ಸ್ಟೇಟರಿನಲ್ಲಿ, ಅಂದರೆ ಮೋಟರಿನ ತಿರುಗದ ಭಾಗದಲ್ಲಿ, ತಂತಿ ಕೂರುವ ಸ್ಲಾಟ್ ಎಷ್ಟು, ಒಂದೊಂದು ಸ್ಲಾಟಿಗೆ ಎಷ್ಟು ಸುತ್ತು, ತಂತಿಯ ಗೇಜ್ ಎಷ್ಟು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹಾರಬೇಕು. ಸುತ್ತು ಕಡಿಮೆಯಾದರೆ ಕರೆಂಟ್ ಹೆಚ್ಚು ಎಳೆದು ಮೋಟರ್ ಮತ್ತೆ ಸುಡುತ್ತದೆ. ಹೆಚ್ಚಾದರೆ ಎಳೆಯುವ ಬಲ ಕಡಿಮೆ, ಜೊತೆಗೆ ತಂತಿ ಸ್ಲಾಟಿನಲ್ಲಿ ಕೂರುವುದಿಲ್ಲ. ಹಾಗಾಗಿ ಅದು ಕವಿಯ ಪ್ರಶ್ನೆಯಲ್ಲ, ಕೆಲಸದ ಪ್ರಶ್ನೆ. ಸರಿಯಾಗಿಯೇ ಇದೆ.

ಅಕ್ಕಾ, ನಿಮ್ಮ ತಮ್ಮನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇರಲೇಬೇಕು. ಎಲ್ಲ ಲೆಕ್ಕ ಅದರಲ್ಲಿರುತ್ತದೆ. ಅದು ಸಿಕ್ಕರೆ ಆ ಅರ್ಧ ಕೆಲಸವನ್ನು ಬೇರೆ ಯಾರಾದರೂ ಮುಗಿಸಬಹುದು. ಕವಿತೆ ಆಮೇಲೆ ಬರೆಯಿರಿ, ಮಳೆಗಾಲದವರೆಗೆ ಆ ರೈತರಿಗೆ ನೀರು ಬೇಕಲ್ಲವೇ.

ಶಾಸನದ ದಾರಿ:
ತಡವಾಗಿ ಬಂದೆ. ಯಾರ ಸಾವು ಕಾವ್ಯಕ್ಕೆ ತಕ್ಕದ್ದು ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಿಯಾದರೂ ಇದ್ದರೆ ಎಂದು ಒಂದು ಮಾತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಲ್ಲು ಹತ್ತನೆಯ ಶತಮಾನದ ನಡುವಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧ, ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ ಎಂದು ದೊಡ್ಡ ದೊಡ್ಡ ಸಂಗತಿಗಳು ಅದರಲ್ಲಿವೆ. ಆದರೆ ಕಲ್ಲು ನೆಟ್ಟದ್ದು ಕಾಳಿ ಎಂಬ ಬೇಟೆನಾಯಿಗಾಗಿ. ದೊಡ್ಡ ಹಂದಿಯೊಂದಿಗೆ ಕಾದಾಡಿ ಎರಡೂ ಸತ್ತವು. ನಾಯಿಯ ಒಡೆಯ ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ನಾಯಿ ಯಾವುದು, ಯಾರು ಕೊಟ್ಟದ್ದು, ಯಾವುದರೊಂದಿಗೆ ಹೋರಾಡಿತು, ಹೇಗೆ ಸತ್ತಿತು ಎಂದಷ್ಟೇ ಅಲ್ಲಿದೆ. ರಾತ್ರಿ ಪಾಳಿಯವರು ಹೇಳಿದ ಹಾಗೆ ಬರೀ ಸಂಗತಿ. ಇವತ್ತಿಗೂ ಮಣಲೇರನ ಮನಸ್ಸು ನನಗೆ ತಿಳಿಯುತ್ತದೆ.

ನದಿದಂಡೆ:
ಕಾಯಿಲ್ ಅಣ್ಣ, ನೋಟ್‌ಬುಕ್ ಸಿಕ್ಕಿತು. ಹುಡುಕಬೇಕಾಗಿಯೇ ಇರಲಿಲ್ಲ. ಅದು ತಮ್ಮನ ಹೆಂಡತಿಯ ಬಳಿ ಇತ್ತು. ಅವಳು ಆಗಲೇ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಮಾತಾಡಿದ್ದಾಳೆ, ಎರಡು ಮೋಟರುಗಳನ್ನು ಕಳಿಸಿಯೂ ಆಗಿದೆ. ನನಗೆ ಹೇಳಿರಲಿಲ್ಲ.

ಅವಳಿಗೆ ಈ ಸಾಲುಗಳನ್ನು ಓದಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಅವರು ಅಂದರು ಅಕ್ಕಾ. ನೀವು ಒಳಗಿದ್ದಿರಿ. ಬೆಳೆ ಬಾಡುತ್ತಿದೆ ಎಂದು ನನ್ನ ಹತ್ತಿರ ಅಂದರು. ಅದಕ್ಕೇ ನಾನು ಬೇರೆಯವರ ಹತ್ತಿರ ಮಾಡಿಸಿಕೊಟ್ಟೆ’ ಎಂದಳು.

ನಾಲ್ಕನೆಯ ಸಾಲು ಹೋಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಯಾರೊಂದಿಗೆ ಮಾತಾಡಬೇಕು ಎಂಬುದು ಬದಲಾಯಿತು. ಆ ಅಂಗಡಿಯ ಬಾಗಿಲಲ್ಲಿ ಮತ್ತೆ ಮತ್ತೆ ನಿಂತು ಉತ್ತರ ಹೇಳಿದವಳು ಅವಳು. ನಾನು ತಮ್ಮನನ್ನು ಕರೆಯುತ್ತಿದ್ದೆ, ಅವಳ ಕಡೆ ನೋಡಿಯೇ ಇರಲಿಲ್ಲ. ಈಗ ಇಡೀ ಕವಿತೆಯನ್ನು ಅವಳನ್ನು ಕರೆದು ಬರೆಯುತ್ತಿದ್ದೇನೆ. ತಿದ್ದುವುದರ ಬಗ್ಗೆ ಇದ್ದ ಭಯ ಇಲ್ಲಿ ಕೆಲಸಕ್ಕೆ ಬರು­ವುದಿಲ್ಲ, ಏಕೆಂದರೆ ತಿದ್ದದಿದ್ದರೆ ಅದು ಸುಳ್ಳಾಗುತ್ತದೆ.

ಒಂದು ತೊಂದರೆ ಇದೆ. ಅವಳು ಹೇಳಿದ ಮಾತನ್ನು ಅವಳ ಮಾತಾಗಿಯೇ ಕವಿತೆಯಲ್ಲಿ ಇಡಬಹುದೇ? ಪ್ರಕಟಿಸಬಹುದೇ?

ಗಡಿಯೂರು ಹಿಂದಿ ಮೇಷ್ಟ್ರು:
ಕೇಳಿಯೇ ಇಡಿ. ನಿರಾಲಾ ತನ್ನ ಮಾತನ್ನು ತಾನು ಹೇಳಿಕೊಂಡರು. ಇದು ಬದುಕಿರುವ ಇನ್ನೊಬ್ಬರ ಮಾತು.

ರಾತ್ರಿ ಪಾಳಿ:
ಕೇಳುವಾಗ ಮೊದಲ ದಿನವೇ ಉತ್ತರ ಬೇಡಬೇಡಿ ಮೇಡಂ. ದುಃಖದಲ್ಲಿರುವವರು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಕಾಗದಗಳಿಗೆ ಸಹಿ ಹಾಕಿಸುವಾಗ ಅದನ್ನು ದಿನವೂ ನೋಡುತ್ತೇನೆ. ಪ್ರತಿಯನ್ನು ಅವರ ಕೈಯಲ್ಲಿ ಕೊಟ್ಟು ಬಿಡಿ, ಅವರೇ ಮಾತೆತ್ತಲಿ.

ಓದುವ ಮಾಸ್ತರ:
ಅದೇ ಸರಿ. ನಾಲ್ಕನೆಯ ಸಾಲನ್ನು ಪೂರ್ತಿ ತೆಗೆಯಬೇಡ ತಂಗಿ. ಬಾಗಿಲಲ್ಲಿ ನಿಂತವರು ಏನೂ ಅನ್ನಲಾರದೆ ಹೋದರು ಎಂದು ನೀನು ನಂಬಿದ್ದೆ, ಅವಳು ನಿಜ ಹೇಳಿದಳು. ಎರಡೂ ಇರಲಿ, ಒಂದರ ಕೆಳಗೆ ಒಂದು. ಕೊನೆಯ ಪ್ರಶ್ನೆಯ ಬಗ್ಗೆ ನನಗಿದ್ದ ಅನುಮಾನ ಕಾಯಿಲ್ ಅವರ ಮಾತಿನಿಂದ ಹೋಯಿತು, ಅದನ್ನೂ ಇಡು. ಅವಳಿಗೆ ಕೇಳಿದರೆ ಅದಕ್ಕೆ ಉತ್ತರವಿದೆ, ನೋಟ್‌ಬುಕ್ಕಿನಲ್ಲಿ ಬರೆದಿದೆ. ಆ ಸಂಖ್ಯೆಯನ್ನು ನೋಡಿ ಬರೆ.

ನದಿದಂಡೆ:
ನೋಡಿ ಬರೆಯುತ್ತೇನೆ. ಪ್ರತಿ ಅವಳಿಗೆ ಕೊಟ್ಟಿದ್ದೇನೆ. ಅವಳು ಏನಾದರೂ ಹೇಳಿದ ಮೇಲೆ ಇಲ್ಲಿ ಹಾಕುತ್ತೇನೆ.